ತೊಳೆದ ಇಂಜಿನ್ನಿಗೆ ಮತ್ತೆ ಧೂಳು

ವ್ಯಾನಕ್ಕನನ್ನು ನಾನು ಮೊದಲು ಕಂಡದ್ದು ಶಾಲೆಯ ಗೇಟಿನಲ್ಲಿ, ಆಕೆ ಡ್ರಿಲ್ ಮೇಷ್ಟ್ರ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರವನ್ನು ಎತ್ತಿ ಪಕ್ಕಕ್ಕೆ ಸರಿಸುತ್ತಿದ್ದಾಗ. ಅಂದು ಗೇಟಿನ ಉಸ್ತುವಾರಿ ನನ್ನದು. ಹಳೆಯ ನೀಲಿ ವ್ಯಾನು ಎಂದಿನ ವೇಳೆಗೇ ಬಂದಿತ್ತು. ಆದರೆ ಚಾಲಕನ ಸೀಟಿನಲ್ಲಿ ವ್ಯಾನಣ್ಣ ಇರಲಿಲ್ಲ. ಅವರ ಕಣ್ಣು ಮಂಜಾಗಿದೆ, ಇನ್ನು ಗಾಡಿ ಓಡಿಸಬಾರದೆಂದು ವೈದ್ಯರು ಹೇಳಿದ್ದಾರೆ ಎಂಬ ಸುದ್ದಿ ನಮಗೆಲ್ಲ ತಿಳಿದಿತ್ತು. ಯಾರೋ ಹೊಸ ಡ್ರೈವರನ್ನು ಇಟ್ಟುಕೊಂಡಾರು ಎಂದುಕೊಂಡಿದ್ದೆವು. ಬಂದವಳು ಅವರ ಹೆಂಡತಿ.

“ಏನಮ್ಮ, ಇನ್ನೊಬ್ಬರ ಗಾಡೀನ ಕೇಳಿ ಮುಟ್ಟಬಾರದೇ?” ಎಂದೆ.

“ಮಕ್ಕಳು ಇಳಿಯೋ ಜಾಗದಲ್ಲಿ ನಿಲ್ಲಿಸೋ ಮುಂಚೆ ಅವರು ನನ್ನನ್ನ ಕೇಳಿದ್ರಾ ಮೇಷ್ಟ್ರೇ?”

ನಾನು ಗೇಟನ್ನು ಪೂರ್ತಿ ತೆರೆದೆ. ಆದರೆ ಮಗಳನ್ನು ಬಿಡಲು ಬಂದಿದ್ದ ಒಬ್ಬ ತಂದೆಗೆ ಸಮಾಧಾನವಾಗಲಿಲ್ಲ. “ಅಷ್ಟು ದೊಡ್ಡ ಗಾಡೀನ ಇವರು ಓಡಿಸ್ತಾರಾ?” ಎಂದು ನನ್ನನ್ನು ಕೇಳಿದರು, ಆಕೆ ಅಲ್ಲಿ ಇಲ್ಲವೇ ಇಲ್ಲವೆಂಬಂತೆ.

“ಓಡಿಸ್ಕೊಂಡೇ ಬಂದಿದೀನಿ ಸ್ವಾಮಿ. ತಳ್ಕೊಂಡು ಬಂದಿಲ್ಲ,” ಎಂದು ಆಕೆ ಬಾಗಿಲು ತೆರೆದಳು. ಮಕ್ಕಳು ಒಬ್ಬೊಬ್ಬರಾಗಿ ಇಳಿದರು. ವ್ಯಾನಣ್ಣನ ಹೆಂಡತಿ ವ್ಯಾನಕ್ಕ ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ದೊಡ್ಡವರಿಗೆ ಆ ಹೆಸರು ಬಾಯಿಗೆ ಹತ್ತಲು ಒಂದು ವರ್ಷವೇ ಹಿಡಿಯಿತು.

ಆಮೇಲೆ ನಾವು ಮನೆ ಬದಲಾಯಿಸಿದಾಗ ನನ್ನ ಮನೆಯೂ ಆಕೆಯ ಮನೆಯೂ ಒಂದೇ ಬೀದಿಯಲ್ಲಿ ಎದುರುಬದುರಾದವು. ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಜಗಲಿಯ ಮೇಲೆ ಕುಳಿತರೆ ನನಗೆ ಮೊದಲು ಕಾಣುತ್ತಿದ್ದುದು ಆ ವ್ಯಾನಿನ ಮೂಗು. ಮೇಲ್ನೋಟಕ್ಕೆ ಗಾಡಿ ಅಚ್ಚುಕಟ್ಟು: ಗಾಜು ಒರೆಸಿರುತ್ತಿತ್ತು, ಸೀಟುಗಳ ಹೊಲಿಗೆ ಬಿಚ್ಚಿರುತ್ತಿರಲಿಲ್ಲ. ಬಾನೆಟ್ ಎತ್ತಿದರೆ ಮಾತ್ರ ಬೇರೆಯೇ ಲೋಕ. ಅದು ವ್ಯಾನಣ್ಣನ ಸಾಮ್ರಾಜ್ಯ. ದಾರಿಯಲ್ಲಿ ಏನೇ ಕೆಟ್ಟರೂ ಗ್ಯಾರೇಜಿಗೆ ಹೋಗದೆ, ಕೈಗೆ ಸಿಕ್ಕ ವೈರಿನಿಂದ ಅಲ್ಲೇ ಕಟ್ಟಿ, ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದವರು ಅವರು. ಹೀಗೆ ಕಟ್ಟಿದ್ದರ ಮೇಲೆ ಕಟ್ಟಿ ಕಟ್ಟಿ, ಇಂಜಿನ್ನಿನ ಸುತ್ತ ಬಣ್ಣಬಣ್ಣದ ವೈರುಗಳು ಹಕ್ಕಿಯ ಗೂಡಿನಂತೆ ಹೆಣೆದುಕೊಂಡಿದ್ದವು. ಅದರ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಎಣ್ಣೆ. ಯಾವ ವೈರು ಎಲ್ಲಿಗೆ ಹೋಗುತ್ತದೆಂಬುದು ವ್ಯಾನಣ್ಣನಿಗೆ ಮಾತ್ರ ಗೊತ್ತಿತ್ತು. ಅದೂ ಕಣ್ಣಿನಿಂದಲ್ಲ, ಬೆರಳಿನಿಂದ. ಗುರುತಿಗೆ ಅಲ್ಲಲ್ಲಿ ಗಂಟು ಹಾಕಿಟ್ಟಿದ್ದರು.

ಒಂದು ಬೆಳಿಗ್ಗೆ ಶಾಲೆಯ ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ವ್ಯಾನಕ್ಕ ಗಾಡಿ ನಿಲ್ಲಿಸಿ, ಮಕ್ಕಳನ್ನು ಇಳಿಸಿ ಕಾಂಪೌಂಡಿನ ಪಕ್ಕ ಸಾಲಾಗಿ ನಿಲ್ಲಿಸಿ, ಆಮೇಲೆ ಬ್ಯಾಟರಿಯ ವೈರನ್ನು ಕಿತ್ತೆಸೆದಳು. ಯಾರಿಗೂ ಒಂದು ಗೀರೂ ಆಗಲಿಲ್ಲ. ಆದರೆ ಹೊಗೆಯನ್ನು ಊರೇ ನೋಡಿತ್ತು. ಸಂಜೆಯೊಳಗೆ ಆ ಹೊಗೆ ಕೆಲವರ ಬಾಯಲ್ಲಿ ಬೆಂಕಿಯಾಗಿತ್ತು, ಇನ್ನು ಕೆಲವರ ಬಾಯಲ್ಲಿ ಜ್ವಾಲೆಯೇ ಆಗಿತ್ತು.

ಶಾಲಾ ಸಮಿತಿಯ ಸೆಕ್ರೆಟರಿ ಆಕೆಯನ್ನು ಕರೆಸಿದರು. ಮಾತು ಮೆತ್ತಗಿತ್ತು, ಅರ್ಥ ಮೆತ್ತಗಿರಲಿಲ್ಲ. “ನೋಡಿ ತಾಯಿ, ಬ್ರೇಕ್ ಇನ್ಸ್‌ಪೆಕ್ಟರ್ ಗಾಡಿ ಪರೀಕ್ಷೆ ಮಾಡಿ, ಸರಿಯಿದೆ ಅಂತ ಬರೆದುಕೊಡಬೇಕು. ನಾಳೆಯಿಂದ ರಜ ತಾನೇ, ಅದು ಮುಗಿಯೋ ಮುಂಚಿನ ಶನಿವಾರ ನಮ್ಮ ಮೀಟಿಂಗ್. ಅಷ್ಟರೊಳಗೆ ಸರ್ಟಿಫಿಕೇಟ್ ಮೇಜಿನ ಮೇಲಿರಬೇಕು. ಇಲ್ಲದಿದ್ರೆ ಮಕ್ಕಳನ್ನ ಕರ್ಕೊಂಡು ಬರೋ ಕೆಲಸಾನ ಬಸ್ಸಿನವರು ಕೇಳ್ತಿದಾರೆ, ಅವರಿಗೆ ಕೊಟ್ಟುಬಿಡ್ತೀವಿ.”

ಆಕೆ ಅಲ್ಲಿಂದ ನೇರವಾಗಿ ಹೋದದ್ದು ಗ್ಯಾರೇಜಿನ ಎಲೆಕ್ಟ್ರಿಷಿಯನ್ ಹತ್ತಿರ. ಅವನನ್ನು ಎಲ್ಲರೂ ಕಿಡಿ ಎಂದು ಕರೆಯುತ್ತಾರೆ. ಕೆಲಸದಿಂದಲೋ ಕೋಪದಿಂದಲೋ ಗೊತ್ತಿಲ್ಲ. ಅವನು ಮನೆಯವರೆಗೆ ಬಂದು, ಬಾನೆಟ್ ಎತ್ತಿ, ಒಂದು ಗಳಿಗೆ ನೋಡಿ, ಹಾಗೆಯೇ ಮುಚ್ಚಿದ.

“ಅಕ್ಕಾ, ಇದು ವೈರಿಂಗ್ ಅಲ್ಲ, ಜೇಡರಬಲೆ. ಈ ಮಾಡೆಲ್ಲಿಗೆ ಹೊಸ ಸೆಟ್ ಎಲ್ಲೂ ಸಿಗಲ್ಲ. ಗುಜರಿಗೆ ಹಾಕಿಬಿಡಿ.”

“ನಿನಗೆ ಮಾಡೋಕೆ ಆಗಲ್ಲ ಅನ್ನು. ಗಾಡಿಗೆ ಯಾಕಪ್ಪಾ ಹೆಸರಿಡ್ತೀಯ?”

“ಯಾರಿಗೂ ಆಗಲ್ಲಕ್ಕಾ!”

“ಊರಲ್ಲಿರೋರೆಲ್ಲರ ಪರವಾಗಿ ಮಾತಾಡೋಕೆ ನಿನ್ನನ್ನ ಯಾವಾಗ ನೇಮಿಸಿದ್ರು?”

ಕಿಡಿ ನಕ್ಕು, ಕೈ ಮುಗಿದು ಹೋದ. ಮರುದಿನದಿಂದ ಆಕೆ ತಾನೇ ಕೆಲಸಕ್ಕೆ ಕೈಹಾಕಿದಳು. ಶಾಲೆಗೆ ರಜ, ಗಾಡಿಗೂ ರಜ. ಗಂಡನ ಜೊತೆ ದಾರಿಯಲ್ಲಿ ನಿಂತು ಟಾರ್ಚ್ ಹಿಡಿದು ಸ್ಪ್ಯಾನರ್ ಕೊಟ್ಟು ಗಾಡಿಯ ಒಳಗು ಹೊರಗನ್ನು ಆಕೆ ಅಷ್ಟಿಷ್ಟು ಬಲ್ಲಳು. ಪೂರ್ತಿ ಬಲ್ಲೆನೆಂದು ಆಕೆಯೂ ಹೇಳಿಕೊಳ್ಳಲಿಲ್ಲ. ನನ್ನ ಹೆಂಡತಿ ಕಾಫಿ ಕೊಟ್ಟು, “ಯಾಕಮ್ಮ ಈ ಪಾಡು?” ಎಂದು ಕೇಳಿದ್ದಕ್ಕೆ, “ಆಗಲ್ಲ ಅಂದ್ರಲ್ಲ ಅಮ್ಮಾವ್ರೇ, ಅದಕ್ಕೇ,” ಎಂದಳು.

ಮೊದಲು ಬ್ಯಾಟರಿ ಬಿಚ್ಚಿ ಕೆಳಗಿಟ್ಟಳು. ಆಮೇಲೆ ಒಂದೊಂದೇ ವೈರನ್ನು ಅದರ ಜಾಗದಿಂದ ಬಿಡಿಸುತ್ತ, ಗಾಯಕ್ಕೆ ಹಚ್ಚುವ ಅಂಟುಪಟ್ಟಿಯ ಚೂರನ್ನು ಅದರ ತುದಿಗೆ ಸುತ್ತಿ, ಬಾಲ್ ಪೆನ್ನಿನಿಂದ ಬರೆಯುತ್ತ ಹೋದಳು: ಎಡ ದೀಪ, ಬಲ ದೀಪ, ಹಾರ್ನ್, ಸೆಲ್ಫ್, ವೈಪರ್. ಅಕ್ಷರ ದುಂಡಗಿತ್ತು, ನಾನು ಎದ್ದು ಹೋಗಿ ನೋಡಿ ಮೆಚ್ಚಿಕೊಂಡೆ. ವ್ಯಾನಣ್ಣ ಮಾತ್ರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮುಖ ಗಂಟಿಕ್ಕಿ ಕುಳಿತಿದ್ದರು. ತಾವು ಕಟ್ಟಿದ್ದನ್ನು ಹೆಂಡತಿ ಬಿಚ್ಚುವ ಸದ್ದು ಅವರ ಕಿವಿಗೆ ಹಿತವಾಗಿರಲಿಲ್ಲ.

“ಬರೀಬೇಡ ಕಣೇ, ಗಂಟು ಹಾಕು. ಗಂಟು ಅಳಿಸಿಹೋಗಲ್ಲ.”

“ನಿಮ್ಮ ಗಂಟುಗಳಿಂದಲೇ ಈ ಗತಿ ಬಂದಿರೋದು. ಸುಮ್ನೆ ಕೂತ್ಕೊಳ್ಳಿ.”

ವೈರುಗಳನ್ನೆಲ್ಲ ಒಂದು ಬದಿಗೆ ಒತ್ತರಿಸಿ, ಫ್ಯೂಸ್ ಪೆಟ್ಟಿಗೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಇಂಜಿನ್ ತೊಳೆಯಲು ತೊಡಗಿದಳು. ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಮೂಲೆಮೂಲೆ ತಿಕ್ಕಿದಳು. ವರ್ಷಗಳ ಜಿಡ್ಡು ಹಳೆಯ ಚಾಕುವಿಗೆ ಹಕ್ಕಳೆಹಕ್ಕಳೆಯಾಗಿ ಎದ್ದು ಬಂತು. ಅದರ ಕೆಳಗೆ ಲೋಹ ಬೆಳ್ಳಗೆ ಕಾಣಿಸಿಕೊಂಡಾಗ ಆಕೆಗೆ ಉತ್ಸಾಹ ತಡೆಯಲಾಗಲಿಲ್ಲ. ವೈರುಗಳೂ ಕೊಳಕಾಗಿವೆಯಲ್ಲ ಎಂದು ಅದೇ ಸೀಮೆಎಣ್ಣೆಯ ಬಟ್ಟೆಯಿಂದ ಅವನ್ನೂ ತುದಿಯವರೆಗೆ ಎಳೆದೆಳೆದು ಒರೆಸಿದಳು. ಸಂಜೆ ಬ್ರಷ್ ಕೆಳಗಿಟ್ಟು ನೋಡಿದರೆ ಇಂಜಿನ್ ಕನ್ನಡಿಯಂತಿತ್ತು. ಅಂಟುಪಟ್ಟಿಗಳೂ ಕನ್ನಡಿಯಂತೆಯೇ ಖಾಲಿ. ಒಂದರ ಮೇಲೂ ಒಂದಕ್ಷರವಿಲ್ಲ. ಕೆಲವು ಪಟ್ಟಿಗಳು ಕಳಚಿ ಬಟ್ಟೆಗೇ ಅಂಟಿಕೊಂಡಿದ್ದವು.

ಆಕೆ ನಡುರಸ್ತೆಯಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಳು. ಬಾಗಿಲಿನ ಕುರ್ಚಿಯಿಂದ ಸಣ್ಣಗೆ ನಗು ಕೇಳಿಸಿತು.

“ಏನ್ರೀ ನಗೋದು?”

“ಏನಿಲ್ಲ. ಗಂಟು ಅಳಿಸಿಹೋಗಲ್ಲ ಅಂತ ಯಾರೋ ಹೇಳ್ತಿದ್ರು, ಅದು ನೆನಪಾಯ್ತು.”

“ನಗ್ತಾ ಅಲ್ಲೇ ಕೂತಿದ್ರೆ ಆಗಲ್ಲ. ಬೆಳಿಗ್ಗೆ ಬನ್ನಿ ಇಲ್ಲಿ. ನಿಮ್ಮ ಸೀಟಲ್ಲಿ ಕೂತ್ಕೊಳ್ಳಿ.”

ಹೀಗೆ ಮರುದಿನ ಬೆಳಿಗ್ಗೆ ವ್ಯಾನಣ್ಣ ಬಹಳ ಕಾಲದ ಮೇಲೆ ತಮ್ಮ ಸೀಟಿನಲ್ಲಿ ಕುಳಿತರು. ಕಣ್ಣಿಗೆ ಏನೂ ಸರಿಯಾಗಿ ಕಾಣದಿದ್ದರೂ ಸ್ವಿಚ್ಚುಗಳ ಮೇಲೆ ಬೆರಳುಗಳು ತಾವಾಗಿ ಹೋಗಿ ಕುಳಿತವು. ಆಕೆ ಬ್ಯಾಟರಿ ಜೋಡಿಸಿ, ಟೆಸ್ಟ್ ಬಲ್ಬು ಹಿಡಿದು ಮುಂದೆ ನಿಂತಳು. ಅವರು ಒಂದು ಸ್ವಿಚ್ ಒತ್ತಬೇಕು. ಆಕೆ ಒಂದೊಂದೇ ವೈರಿಗೆ ಬಲ್ಬು ತಾಗಿಸಿ, ಯಾವುದಕ್ಕೆ ಅದು ಹೊತ್ತುತ್ತದೋ ಅದಕ್ಕೆ ಹೆಸರಿಡಬೇಕು. ಈ ಸಲ ಹೆಸರಿನ ಜೊತೆಗೆ ಗಂಟೂ ಬಿತ್ತು. ಆದರೆ ಅದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ.

“ಹಾರ್ನ್ ಒತ್ತಿದೀನಿ. ಬಂತಾ?”

“ಬಂತು. ಕಪ್ಪು ವೈರು! ಹಾರ್ನಿಗೆ ಯಾರಾದ್ರೂ ಕಪ್ಪು ಹಾಕ್ತಾರಾ?”

“ಅವತ್ತು ಅಂಗಡೀಲಿ ಕಪ್ಪೇ ಇದ್ದಿದ್ದು.”

“ಮಾರನೇ ದಿನ ಕೆಂಪು ಬರ್ತಿರಲಿಲ್ವಾ?”

“ಮಾರನೇ ದಿನದವರೆಗೂ ಮಕ್ಕಳು ರಸ್ತೇಲಿ ಕಾಯಬೇಕಿತ್ತಾ?”

ಆಕೆ ಕಪ್ಪು ವೈರಿಗೆ ಗಂಟು ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಹಳದಿ ವೈರು ಸಿಕ್ಕಿತು. ಯಾವ ಸ್ವಿಚ್ ಒತ್ತಿದರೂ ಒತ್ತದಿದ್ದರೂ ಅದಕ್ಕೆ ಬಲ್ಬು ಹೊತ್ತಿಯೇ ಇರುತ್ತಿತ್ತು. ಆಕೆ ಅದರ ಜಾಡು ಹಿಡಿದು ಬೆರಳಾಡಿಸುತ್ತ ಹೋದಳು. ಅದು ಡ್ಯಾಶ್‌ಬೋರ್ಡಿನ ಹಿಂದಿನ ತೂತಿನವರೆಗೆ ಹೋಗಿ, ಅಲ್ಲಿ ಬರಿಯ ತಾಮ್ರದ ತುದಿಯಾಗಿ, ಸುಟ್ಟು ಕರಿಯಾಗಿ ತಗಡಿನ ಪಕ್ಕದಲ್ಲೇ ನೇತಾಡುತ್ತಿತ್ತು. ಗಾಡಿಯ ಕುಲುಕಿಗೆ ಅದು ತಗಡಿಗೆ ತಾಗಿದ್ದೇ ಹೊಗೆಯ ಮೂಲ.

“ಹಳದೀದು ಎಲ್ಲಿಗ್ರೀ?”

ವ್ಯಾನಣ್ಣ ಆ ತೂತನ್ನು ಬೆರಳಿನಿಂದ ತಡಕಿದರು. “ರೇಡಿಯೋದ್ದು,” ಎಂದರು ಆಮೇಲೆ. “ಮಕ್ಕಳು ಹಾಡು ಹಾಡು ಅಂತಿದ್ರಲ್ಲ. ರೇಡಿಯೋ ಕೆಟ್ಟಮೇಲೆ ಅದನ್ನ ತೆಗೆದೆ. ವೈರು ಹಾಗೇ ಬಿಟ್ಟುಬಿಟ್ಟೆ. ಅಂದ್ರೆ ಮಕ್ಕಳಿದ್ದ ಗಾಡಿಗೆ ಬೆಂಕಿ ಇಟ್ಟೋನು ನಾನೇ ಅನ್ನು.”

“ಬೆಂಕಿ ಎಲ್ಲಿ ಬಂತು? ಹೊಗೆ ಬಂತು, ಅಷ್ಟೇ. ನೀವೂ ಊರೋರ ಥರ ಮಾತಾಡಬೇಡಿ,” ಎಂದು ಆಕೆ ಆ ವೈರನ್ನು ಬುಡದಿಂದ ಕತ್ತರಿಸಿ ಎಳೆದು ಹಾಕಿದಳು. “ಅಳೋಕೆ ಆಮೇಲೆ ಟೈಮ್ ಕೊಡ್ತೀನಿ. ವೈಪರ್ ಹಾಕಿ ಈಗ.”

ವೈರು ಕೂಡಿಸಿ ಕಟ್ಟುವುದರಲ್ಲಿಯೂ ಆಕೆಯದು ತನ್ನದೇ ದಾರಿ. ಆಕೆಯ ತಂದೆ ಪುಸ್ತಕ ಬೈಂಡ್ ಮಾಡುವವರು. ಚಿಕ್ಕಂದಿನಲ್ಲಿ ದಾರಕ್ಕೆ ಮೇಣ ತೀಡಿಕೊಡುವುದು ಆಕೆಯ ಕೆಲಸವಾಗಿತ್ತಂತೆ. ಕಪ್ಪು ಟೇಪನ್ನು ಆಕೆ ಹತ್ತಿರ ಸೇರಿಸಲಿಲ್ಲ. ಬಿಸಿಗೆ ಅದರ ಅಂಟು ಕರಗಿ ಧೂಳಿಗೆ ಮನೆಯಾಗುತ್ತದೆಂದು ದೂರು. ಮೇಣ ತೀಡಿದ ದಾರದಿಂದಲೇ, ಗೇಣಿಗೊಂದು ಗಂಟಿನಂತೆ, ವೈರುಗಳನ್ನು ಕಂತೆಕಂತೆಯಾಗಿ ಬಿಗಿದಳು. ಬಾಗುವಲ್ಲೆಲ್ಲ ಒಂದೇ ಸಮನಾಗಿ ಬಾಗಿ, ಇಂಜಿನ್ ಗೂಡಿನ ಗೋಡೆಗೆ ಒರಗಿಕೊಂಡು ಹೋಗುವ ಆ ಕಂತೆಗಳನ್ನು ನೋಡಿದರೆ ಒಳ್ಳೆಯ ಪುಸ್ತಕದ ಬೆನ್ನು ನೋಡಿದಂತಾಗುತ್ತಿತ್ತು. ಕಿಡಿ ಒಂದು ಸಂಜೆ ಇಣುಕಿ ಹೋಗಲು ಬಂದ.

“ಇದೇನಕ್ಕಾ, ಗಾಡಿಗೆ ಜಡೆ ಹಾಕಿದೀರಾ?”

“ಮತ್ತೇನು? ನೀನು ಬಾಚೋಕೂ ಆಗಲ್ಲ ಅಂತ ಬಿಟ್ಟು ಹೋದ್ಯಲ್ಲ.”

ಅವನು ದೀಪ, ಹಾರ್ನ್ ಎಲ್ಲವನ್ನೂ ತಾನೇ ಒತ್ತಿ ನೋಡಿ, ತಪ್ಪು ಸಿಕ್ಕೀತೆಂದು ಹುಡುಕಿ, ಕೊನೆಗೆ ಒಂದು ಸಡಿಲ ಅರ್ತ್ ವೈರನ್ನು ತೋರಿಸಿ ಸಮಾಧಾನಪಟ್ಟುಕೊಂಡ. ಆಕೆ ಅದನ್ನು ಬಿಗಿಮಾಡಿ, “ನಿನ್ನಿಂದ ಇದೊಂದಾದರೂ ಉಪಕಾರವಾಯ್ತು,” ಎಂದಳು.

ಪರೀಕ್ಷೆಯ ದಿನ ಶುಕ್ರವಾರ. ಯಜಮಾನರ ಕೈ ಹಿಡಿದುಕೊಳ್ಳಲು ಯಾರಾದರೂ ಬೇಕೆಂದು ಆಕೆ ನನ್ನನ್ನೂ ಹತ್ತಿಸಿಕೊಂಡಳು. ಆರ್.ಟಿ.ಓ. ಕಚೇರಿಯ ಮುಂದೆ ಲಾರಿ, ಟೆಂಪೋಗಳ ಸಾಲು. ಬ್ರೇಕ್ ಇನ್ಸ್‌ಪೆಕ್ಟರು ಸಣಕಲು ಮನುಷ್ಯ, ಮಾತು ಕಡಿಮೆ. ಬ್ರೇಕು, ದೀಪ, ಸ್ಟಿಯರಿಂಗು, ಎಲ್ಲವೂ ಆಯಿತು. ಬಾನೆಟ್ ಎತ್ತಿಸಿದವರು ಒಂದು ಹೆಜ್ಜೆ ಹಿಂದೆ ಸರಿದರು.

“ಯಾವಾಗ ತೊಳೆದಿದ್ದು?”

“ಈ ವಾರವೇ ಸರ್,” ಎಂದಳು ಆಕೆ, ಹೊಗಳಿಕೆಗಾಗಿ ಕಾಯುತ್ತ.

“ನನ್ನ ಹತ್ರ ಬರೋ ಮುಂಚೆ ಎಲ್ಲರೂ ತೊಳೀತಾರಮ್ಮ. ಎಣ್ಣೆ ಎಲ್ಲಿ ಸೋರ್ತಿದೆ ಅಂತ ಕಾಣಬಾರದಲ್ಲ, ಅದಕ್ಕೆ. ಇಂಥ ಹಳೇ ಇಂಜಿನ್ ಇಷ್ಟು ಬೆಳ್ಳಗಿದ್ರೆ ನಾನು ಏನನ್ನ ನೋಡಿ ಸಹಿ ಹಾಕಲಿ? ಧೂಳು ಹಿಡಿದಮೇಲೆ ತಗೊಂಡು ಬನ್ನಿ. ಮುಂದಿನ ವಾರ ನೋಡೋಣ.”

ಅವರ ಮಾತು ನ್ಯಾಯವಾದದ್ದೇ. ಸೋರುವ ಕಡೆ ಧೂಳು ಒದ್ದೆಯಾಗಿ ಅಂಟಿಕೊಳ್ಳುತ್ತದೆ, ಒಣಗಿದ ಕಡೆ ಊದಿದರೆ ಹಾರುತ್ತದೆ. ತೊಳೆದಿಟ್ಟರೆ ಎರಡೂ ತಿಳಿಯುವುದಿಲ್ಲ. ಆದರೆ ಮುಂದಿನ ವಾರವೆಂದರೆ ಮೀಟಿಂಗ್ ಮುಗಿದಿರುತ್ತದೆ, ಬಸ್ಸು ಬಂದಿರುತ್ತದೆ. ನಾನು ವ್ಯಾನಣ್ಣನ ಕೈಯನ್ನು ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡೆ.

“ಧೂಳು ತಾನೇ ಬೇಕಾಗಿರೋದು?” ಎಂದಳು ವ್ಯಾನಕ್ಕ. “ನಿಮ್ಮ ಮೈದಾನದಲ್ಲೇ ಬೇಕಾದಷ್ಟಿದೆ. ಇವತ್ತೇ ಹಿಡಿಸ್ತೀನಿ. ನೀವು ಊಟ ಮಾಡ್ಕೊಂಡು ಬನ್ನಿ.”

ಕಚೇರಿಯ ಹಿಂದೆ, ಹೊಸಬರಿಗೆ ಡ್ರೈವಿಂಗ್ ಪರೀಕ್ಷೆ ಮಾಡುವ ಮಣ್ಣಿನ ಬಯಲು. ಅಂದು ಅದು ಖಾಲಿಯಿತ್ತು. ಆಕೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ವ್ಯಾನನ್ನು ಅಲ್ಲಿಗೆ ಇಳಿಸಿ ಸುತ್ತತೊಡಗಿದಳು. ಮೊದಲ ಸುತ್ತಿಗೇ ಧೂಳು ಮೋಡವಾಗಿ ಎದ್ದಿತು. ಆಕೆ ಬೇಕೆಂದೇ ತನ್ನ ಧೂಳಿನೊಳಕ್ಕೆ ತಾನೇ ನುಗ್ಗಿದಳು. ಸಾಲಿನಲ್ಲಿದ್ದ ಲಾರಿ ಡ್ರೈವರುಗಳು ಇಳಿದು ಬಂದು ಬೇಲಿಗೆ ಒರಗಿ ನಿಂತರು.

“ಅಕ್ಕಾ, ರೋಡು ಈ ಕಡೆ ಇದೆ!”

“ನೀನು ಹೋಗಪ್ಪ. ನಾನು ಇಲ್ಲೇ ಮನೆ ಮಾಡ್ತೀನಿ!”

ಗುಮಾಸ್ತನೊಬ್ಬ ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಂದು, “ಯಾರ್ರೀ ಇಲ್ಲಿ ಸುತ್ತೋಕೆ ಹೇಳಿದ್ದು?” ಎಂದು ಕೂಗಿದ. “ನಿಮ್ಮ ಸಾಹೇಬ್ರೇ!” ಎಂದು ಉತ್ತರ ಬಂತು, ಧೂಳಿನ ಒಳಗಿನಿಂದ. ನಾನು ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತಿದ್ದೆ. ಪಕ್ಕದಲ್ಲಿ ವ್ಯಾನಣ್ಣನ ಬಿಳಿಯ ಅಂಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅವರು ಮಾತ್ರ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, “ಚೆನ್ನಾಗಿ ಓಡ್ತಿದೆ ಕಣೇ, ಇನ್ನೂ ಒಂದು ಸುತ್ತು ಹೊಡಿ,” ಎನ್ನುತ್ತಿದ್ದರು. ದಿನವಿಡೀ ತಿಕ್ಕಿ ತೊಳೆದ ಇಂಜಿನ್ನನ್ನು ಮಧ್ಯಾಹ್ನವೆಲ್ಲ ತನ್ನ ಕೈಯಾರೆ ಹೊಲಸು ಮಾಡಿದಳು ಆಕೆ, ಒಂದಿಷ್ಟೂ ಮುಖ ಸಣ್ಣದು ಮಾಡಿಕೊಳ್ಳದೆ.

ಇನ್ಸ್‌ಪೆಕ್ಟರು ಬಂದರು. ಬಾನೆಟ್ ಎತ್ತಿದಾಗ ಇಂಜಿನ್ ಗಿರಣಿಯಿಂದ ಎದ್ದು ಬಂದಂತಿತ್ತು. ಅವರು ಬೆರಳಿನಿಂದ ಅಲ್ಲಲ್ಲಿ ಗೀರಿದರು, ಊದಿದರು. ಎಲ್ಲೆಡೆ ಒಣಧೂಳು. ಮೇಲ್ಮುಚ್ಚಳದ ಒಂದು ಮೂಲೆಯಲ್ಲಿ ಮಾತ್ರ ಬೆರಳಿಗೆ ಕೆಸರು ಅಂಟಿತು.

“ಇದು?”

ಆಕೆ ಬಗ್ಗಿ ನೋಡಿ, ತನ್ನನ್ನು ತಾನೇ ಬೈದುಕೊಂಡು, ಸ್ಪ್ಯಾನರ್ ತಂದು ಅಲ್ಲಿ ಸಡಿಲವಾಗಿದ್ದ ನಟ್ಟನ್ನು ಬಿಗಿದಳು, ಒರೆಸಿದಳು. “ಇನ್ನೊಂದಿಷ್ಟು ಸುತ್ತಿ ಬರ್ತೀನಿ. ನಿಂತ್ಕೊಂಡಿರಿ.”

ಅವರು ನಿಂತರು. ಆಕೆ ಸುತ್ತಿ ಬಂದಳು. ಮೂಲೆ ಒಣಗಿತ್ತು. ಇನ್ಸ್‌ಪೆಕ್ಟರು ಸುಮ್ಮನೆ ತಲೆಯಾಡಿಸಿ, ವೈರಿನ ಕಂತೆಗೆ ಬೆರಳಿಟ್ಟರು.

“ದಾರ ಯಾಕೆ?”

“ಟೇಪಿನ ಅಂಟು ಬಿಸಿಗೆ ಕರಗತ್ತೆ ಸರ್. ದಾರ ಕರಗಲ್ಲ.”

“ಕರಗಲ್ಲ, ಸುಡತ್ತೆ. ಸೈಲೆನ್ಸರ್ ಪೈಪಿನ ಹತ್ರ ಇರೋದನ್ನೆಲ್ಲ ಬಿಚ್ಚಿ, ಕಬ್ಬಿಣದ ಕ್ಲಿಪ್ ಹಾಕಿ.”

ಪೈಪು ಅಷ್ಟು ಹತ್ತಿರವೇನಿಲ್ಲವೆಂದು ಆಕೆ ವಾದಿಸಿದಳು. ಕೈಯಿಟ್ಟು ನೋಡಿ ಎಂದರು ಅವರು. ಆಕೆ ಇಟ್ಟಳು, ಥಟ್ಟನೆ ತೆಗೆದಳು, ಬೆರಳನ್ನು ಬಾಯಲ್ಲಿಟ್ಟುಕೊಂಡೇ ದಾರ ಬಿಚ್ಚಿದಳು. ಕ್ಲಿಪ್ಪುಗಳನ್ನು ಬೇಲಿಗೆ ಒರಗಿದ್ದ ಒಬ್ಬ ಲಾರಿ ಡ್ರೈವರು ಕೊಟ್ಟ. ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಸಹಿ ಬಿತ್ತು.

ಶನಿವಾರದ ಮೀಟಿಂಗಿಗೆ ಆಕೆ ಹೋದಾಗ ತಲೆಗೂದಲಲ್ಲಿ ಇನ್ನೂ ಮಣ್ಣಿತ್ತು. ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟಳು. ಸೆಕ್ರೆಟರಿ ಅದನ್ನು ತಿರುಗಿಸಿ ನೋಡಿ, “ಬಸ್ಸಿನವರಿಗೆ ಹೆಚ್ಚುಕಡಿಮೆ ಮಾತು ಕೊಟ್ಟಾಗಿದೆಯಲ್ಲ ತಾಯಿ,” ಎಂದರು.

“ನನಗೂ ಕೊಟ್ಟಿದ್ರಿ, ಇದೇ ಮೇಜಿನ ಮುಂದೆ. ಹೆಚ್ಚೂ ಇಲ್ಲ, ಕಡಿಮೇನೂ ಇಲ್ಲ. ಶನಿವಾರ ಅಂದ್ರಿ, ತಂದಿದೀನಿ.”

ಆಮೇಲೆ ಆಕೆ ಕೇಳಿದ್ದು ಒಂದೇ ಮಾತು: ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ಆ ಬಸ್ಸು ತಿರುಗುತ್ತದೆಯೇ? ಸೆಕ್ರೆಟರಿ ಸರ್ಟಿಫಿಕೇಟನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ಓಣಿಯ ಮಕ್ಕಳ ತಾಯಂದಿರು ಬಾಗಿಲಲ್ಲಿ ಬಂದು ನಿಂತಿದ್ದರು. ಅವರ ಮಕ್ಕಳು ಬಸ್ಸಿಗಾಗಿ ದೊಡ್ಡ ರಸ್ತೆಯವರೆಗೆ ನಡೆದು ಬರಬೇಕೆಂದು ಅವರಿಗೆ ಅಂದೇ ತಿಳಿದದ್ದು. ಗದ್ದಲವಾಯಿತು. ಕೊನೆಗೆ ಓಣಿಗಳು ವ್ಯಾನಿಗೆ, ದೊಡ್ಡ ರಸ್ತೆ ಬಸ್ಸಿಗೆ ಎಂದಾಯಿತು. ದೊಡ್ಡ ರಸ್ತೆಯ ಮಕ್ಕಳೇ ಹೆಚ್ಚು. ಆಕೆ ಕಳೆದುಕೊಂಡದ್ದು ಸಣ್ಣದೇನಲ್ಲ.

“ಸಮಾಧಾನ ತಾನೇ?” ಎಂದರು ಸೆಕ್ರೆಟರಿ.

“ಇಲ್ಲ,” ಎಂದು ಹೇಳಿ ಆಕೆ ಎದ್ದು ಬಂದಳು.

ಇಂದಿಗೂ ಆ ‘ಇಲ್ಲ’ ಹಾಗೆಯೇ ಇದೆ. ದಿನ ಬೆಳಗಾದರೆ ವ್ಯಾನು ಓಣಿಓಣಿ ನುಗ್ಗಿ ಮಕ್ಕಳನ್ನು ತುಂಬಿಕೊಂಡು ಬರುತ್ತದೆ. ವ್ಯಾನಣ್ಣ ಮುಂದಿನ ಸೀಟಿನಲ್ಲಿ ಕುಳಿತು, ಸದ್ದು ಕೇಳಿಯೇ ಯಾವ ಮನೆ ಬಂತೆಂದು ಹೇಳುತ್ತಾರೆ. ಇಂಜಿನ್ ತೊಳೆಯುವುದನ್ನು ಆಕೆ ಬಿಟ್ಟಿಲ್ಲ. ಶಾಲೆಯಲ್ಲಿ ಪೋಷಕರ ಸಭೆ ನಡೆದಾಗಲೆಲ್ಲ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ನೀವು ಯಾರ ಪೋಷಕರು ಎಂದು ಕೇಳಿದರೆ, ವ್ಯಾನಲ್ಲಿ ಬರೋರೆಲ್ಲರದ್ದೂ ಎನ್ನುತ್ತಾಳೆ. ಪ್ರಶ್ನೆಗಳ ಸಮಯ ಬಂದಾಗ ಎದ್ದು ನಿಂತು ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಾಳೆ: “ನನ್ನ ಗಾಡಿ ಒಳಗೆಲ್ಲ ತೋರಿಸಿದೀನಿ. ಆ ಬಸ್ಸಿನ ಬಾನೆಟ್ ಯಾವಾಗ ಎತ್ತಿ ತೋರಿಸ್ತೀರಿ?” ಕಳೆದ ಸಲ ಸೆಕ್ರೆಟರಿ ಗಡಿಯಾರ ನೋಡಿ ಸಭೆ ಮುಗಿಸಲು ಹೊರಟರು. ಆಕೆ ಕೂರಲಿಲ್ಲ. ಹಿಂದಿನ ಸಾಲಿನಿಂದ, ದೊಡ್ಡ ರಸ್ತೆಯ ಕಡೆಯ ಒಬ್ಬ ತಾಯಿಯೂ ಎದ್ದು ನಿಂತರು.